ಚೆಲ್ಲಬಾರದ ಹಾಲು

ನೋವೊಸಿಬಿರ್ಸ್ಕ್
ಮಾರ್ಚ್ ೧೧, ಬುಧವಾರ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಬೆನ್ನಿನ ಕೆಳಗೆ ಉಣ್ಣೆಯ ಹಾಸಿಗೆ ಹಾಕಿದ್ದಾರೋ, ಇಲ್ಲ ಹಬ್ಬಕ್ಕೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದಾರೋ? ನಿನ್ನ ಗಂಟಲಲ್ಲಿ ಈಗ ಹಾಲೊಂದೇ ಇಳಿಯುತ್ತದೆ, ಅದೂ ಚಮಚದಲ್ಲಿ ಎಂದು ಅಸಿಲ್ಕಾನ್ ಅತ್ತಿಗೆ ಫೋನಿನಲ್ಲಿ ಹೇಳಿದಳು. ನಿನ್ನಿಂದ ಮುಚ್ಚಿಡುವುದೇನಿದೆ, "ಹಿಮ ಕರಗಿ ಬರೋ ಈ ಸಲದ ಹುಲ್ಲು ನಾನು ನೋಡಲ್ಲ ಬಿಡ್ರೇ" ಅಂದವಳು ನೀನೇ. ಆದರೂ ದಿನಾ ಬಾಗಿಲು ನೋಡಿ "ಬುರುಲ್ ಬಂದ್ಲಾ?" ಅನ್ನುತ್ತೀಯಂತೆ. ಈ ತಿಂಗಳ ಇಪ್ಪತ್ತೊಂದರ ನೂರೂಜ್ ಹಬ್ಬಕ್ಕೆ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ. ಈ ಪತ್ರವನ್ನು ಅತ್ತಿಗೆ ನಿನಗೆ ಓದಿ ಹೇಳಲಿ, ಅವಸರ ಮಾಡದೆ.

ಅಲ್ಲಿಯ ಹಾಲು ಹೇಗಿದೆ ಅಂತ ಕೇಳಿದ್ದೆಯಲ್ಲ. ಸಾಯುವ ಹೊತ್ತಿನಲ್ಲೂ ಪರದೇಶದವರ ಹಸುವಿನ ಚಿಂತೆ ನಿನಗೆ! ಇಲ್ಲಿ ಹಾಲು ಬರುವುದು ರಟ್ಟಿನ ಡಬ್ಬಿಯಲ್ಲಿ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತರೂ ಕೆಡುವುದಿಲ್ಲ. ಕೆಡದ ಹಾಲನ್ನು ನಂಬುವುದು ಹೇಗೆ, ನೀನೇ ಹೇಳು. ಕಡಿಮೆ ಬೆಲೆಗೆ ಸಿಗುವ, ದಪ್ಪ ಹಸುವಿನ ಚಿತ್ರವಿರುವ ಡಬ್ಬಿ ನಮ್ಮ ಪಾಲಿನದು. ಕುಡಿದರೆ ಮೊದಲು ಸಿಹಿ, ಆಮೇಲೆ ಅಂಗುಳಕ್ಕೆ ಮೇಣ ಅಂಟಿದ ಹಾಗೆ. ಕಾಯಿಸಿದರೆ ಕೆನೆಯ ಸುಳಿವಿಲ್ಲ. ನನ್ನ ಜೊತೆ ಇರುವ ತಾತಿಗುಲ್, "ಮದುವೆಗಂಡಿಗೆ ಕಾದಂಗೆ ಒಲೆ ಮುಂದೆ ಕೂತಿದೀಯಲ್ಲೇ, ಕೆನೆ ಬರಲ್ಲ, ಏಳೇ!" ಎಂದು ನಗುತ್ತಾಳೆ. ನೀನು ಹೆಪ್ಪಿನ ಮೊಸರಲ್ಲಿ ಅದ್ದಿ ಒಣಗಿಸಿ ಕೊಟ್ಟ ಬಟ್ಟೆಯ ತುಂಡನ್ನು ಈ ಹಾಲಿಗೆ ಹಾಕಿದೆ, ಕಂಬಳಿ ಹೊದಿಸಿ ಮಗುವಿನ ಹಾಗೆ ಮಲಗಿಸಿದೆ. ಮೊಸರಾಗಲಿಲ್ಲ. ಲೋಳೆಲೋಳೆಯಾಗಿ ಕಮಟು ವಾಸನೆ ಬಂತು, ನಿನ್ನ ಹೆಪ್ಪೂ ಹೋಯಿತು. ಅವತ್ತು ನಾನು ತುಂಬಾ ಅತ್ತೆ ಅವ್ವಾ.

ಕೆಟ್ಟದ್ದನ್ನು ಬಚ್ಚಲಿಗೆ ಸುರಿಯಲು ಕೈ ಬರುತ್ತದೆಯೇ? ಚಿಕ್ಕಂದಿನಲ್ಲಿ ಚೆಲ್ಲಿದ ಹಾಲು ದಾಟಿದ್ದಕ್ಕೆ ನೀನು ಕಿವಿ ಹಿಂಡಿದ್ದೆ, "ಬಿಳಿಯದನ್ನ ತುಳಿದೋರು ಉದ್ಧಾರ ಆಗಲ್ಲ ಕಣೇ" ಅಂದಿದ್ದೆ. ಅದಕ್ಕೇ ಪಾತ್ರೆ ಹಿಡಿದು ಅಂಗಳಕ್ಕೆ ಇಳಿದೆ, ಯಾರೂ ತುಳಿಯದ ಕಡೆ, ಒಂದು ಬರ್ಚ್ ಮರದ ಬುಡಕ್ಕೆ ಬಿಸ್ಮಿಲ್ಲಾ ಎಂದು ಸುರಿದೆ. ಕೆಳಗಿನ ಮನೆಯ ಝೋಯಾ ಮುದುಕಿ ಕಿಟಕಿ ತೆರೆದು, "ನನ್ನ ಬೆಕ್ಕಿಗೆ ವಿಷ ಹಾಕ್ತಿದಾಳೆ! ಮಾಟ ಮಾಡ್ತಿದಾಳೆ! ಪೊಲೀಸರಿಗೆ ಹೇಳ್ತೀನಿ!" ಎಂದು ಬೀದಿಯೆಲ್ಲ ಕೂಡಿಸಿದಳು. ವಿಷವೋ ಮಾಟವೋ ಒಂದನ್ನಾದರೂ ಆರಿಸಿಕೊಳ್ಳಬೇಕಿತ್ತು ಮಹಾತಾಯಿ. ತಾತಿಗುಲ್, "ಬಾಯ್ಮುಚ್ಕೊಂಡು ಒಳಗೆ ಬಾ" ಎಂದಳು. ನಾನು ನಿನ್ನ ಮಗಳು, ಕೇಳುತ್ತೇನೆಯೇ? ಸುರಿದದ್ದು ಹಾಲು ಎಂದು ತೋರಿಸಲು ಖಾಲಿ ಡಬ್ಬಿ ಎತ್ತಿಕೊಂಡು ನಾನೇ ಠಾಣೆಗೆ ಹೋದೆ.

ಅಲ್ಲಿದ್ದ ಅಧಿಕಾರಿ ಒಳ್ಳೆಯವನೇ. ಡಬ್ಬಿ ತಿರುಗಿಸಿ, ಹಸುವಿನ ಕಾಲ ಕೆಳಗಿನ ಇರುವೆಯಂಥ ಅಕ್ಷರ ಓದಿದ. "ಇದು ಹಾಲೇ ಅಲ್ಲಮ್ಮ. ತಾಳೆ ಎಣ್ಣೆ, ಒಂಚೂರು ಹಾಲಿನ ಪುಡಿ, ದಪ್ಪ ಆಗೋಕೆ ಇನ್ನೊಂದು ಪುಡಿ, ಪರಿಮಳಕ್ಕೆ ಮತ್ತೇನೋ. 'ಹಾಲಿನ ಉತ್ಪನ್ನ' ಅಂತಿದೆ ನೋಡಿ, ಹಾಲು ಅಂತ ಎಲ್ಲಿದೆ?" ಎಂದು ನಕ್ಕ. ಅವರ ಲಿಪಿಯೂ ನಮ್ಮದೇ ಅವ್ವಾ, ಆದರೆ ಮಾತು ಅವರದು, ನಾನು ಹಸುವನ್ನಷ್ಟೇ ಓದಿದ್ದೆ. ನಾಚಿಕೆಯಿಂದ ನಾನೂ ನಕ್ಕೆ. ಆಮೇಲೆ ಅವನು ಪಾಸ್‌ಪೋರ್ಟ್ ಕೇಳಿದ. ಕಾಗದದಲ್ಲಿ ಒಂದು ವಿಳಾಸ, ನಾನು ಮಲಗುವುದು ಇನ್ನೊಂದು ಕಡೆ, ಇಲ್ಲಿ ಅದು ಅಪರಾಧವಂತೆ. ದುಡಿಯಲು ಬಂದ ನಮ್ಮವರೆಲ್ಲರದೂ ಇದೇ ಪಾಡು. ಏಪ್ರಿಲ್ ಕೊನೆಗೆ ಕೋರ್ಟಂತೆ, ಅಲ್ಲಿಯತನಕ ಪಾಸ್‌ಪೋರ್ಟ್ ಅವರ ಬೀರುವಿನಲ್ಲಿ. ಅಳುತ್ತಾ ಎರಡು ಸಲ ಹೋಗಿ ನಿನ್ನ ವಿಷಯ ಹೇಳಿದೆ. "ನನ್ನ ಕೈಲಿಲ್ಲಮ್ಮ" ಎಂದ. ನಿಜವಾದ ಹಾಲಿಗಾಗಿ ಸಿಕ್ಕಿಬಿದ್ದಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಎಣ್ಣೆ ಕಲಸಿದ ನೀರಿಗೆ ಮರ್ಯಾದೆ ಕೊಡಲು ಹೋಗಿ ಸಿಕ್ಕಿಬಿದ್ದೆನಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಅಣ್ಣನಿಗೆ ನಮಸ್ಕಾರ ಹೇಳು, ಕುಡಿತ ಬಿಡಲು ಹೇಳು. ಅತ್ತಿಗೆಯ ಕೈ ತಣ್ಣಗಿರಲಿ, ನಾನು ಮಾಡಬೇಕಾದ್ದನ್ನೆಲ್ಲ ಅವಳು ಮಾಡುತ್ತಿದ್ದಾಳೆ. ನಿನ್ನ ಎರಡೂ ಪಾದಗಳಿಗೆ ನನ್ನ ಮುತ್ತು.

ನಿನ್ನ ಕೊನೆಯವಳು,
ಬುರುಲ್

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ಪತ್ರ ಒಯ್ಯುವ ತಾತಿಗುಲ್‌ಳ ತಮ್ಮ ಕೆಳಗೆ ಲಾರಿಯ ಹಾರ್ನ್ ಒತ್ತುತ್ತಿದ್ದಾನೆ. ಅವ್ವಾ, ನಾನು ಹಬ್ಬಕ್ಕೆ ಬರುವುದಿಲ್ಲ. ನೀನಿರುವಷ್ಟರಲ್ಲಿ ಬರಲಾಗುವುದಿಲ್ಲ, ಬಾಗಿಲು ನೋಡಬೇಡ. ಅಜ್ಜಿ ಹೋಗುವಾಗ ನೀನು ಅವಳ ಹಾಸಿಗೆಯ ಪಕ್ಕ ಮೊಣಕಾಲೂರಿ, ಕುಡಿದ ಎದೆಹಾಲಿನ ಋಣ ಬಿಟ್ಟುಬಿಡು ಎಂದು ಕೇಳಿಕೊಂಡೆಯಲ್ಲ, ನಾನು ಇಲ್ಲಿಂದಲೇ ಕೇಳಿಕೊಳ್ಳುತ್ತಿದ್ದೇನೆ. ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ. ಮಾತಾಡಲು ಆಗದಿದ್ದರೆ ತಲೆ ಆಡಿಸು, ಸಾಕು.

ಅತ್ತಿಗೆ, ಇದನ್ನು ಓದಿ ಹೇಳಬೇಡ: ಅವ್ವ ತಲೆ ಆಡಿಸದಿದ್ದರೂ, ಆಡಿಸಿದಳು ಅಂತಲೇ ನನಗೆ ಹೇಳು.