ಕಂದೀಲಿನ ಡಬ್ಬಿಗೆ ಬಿದ್ದದ್ದು

ಅಪ್ಪಾ,

ನಿಮಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. "ಜೋರಾಗಿ ಓದವಾ, ಕಿವಿ ಮಂದ ಆಗ್ಯಾವ" ಅನ್ನುತ್ತಿದ್ದಿರಿ. ಈ ಕಾಗದ ಬರೆಯುವವಳೂ ನಾನೇ, ಓದುವವಳೂ ನಾನೇ. ಬೀದರಿನ ಮೈಲೂರಿನ ನಮ್ಮ ಮನೆಯ ಕದ ಹಾಕಿಕೊಂಡು ಜೋರಾಗಿಯೇ ಓದುತ್ತೇನೆ, ಕೇಳಿಸಿಕೊಳ್ಳಿ. ಸಾಯುವ ತನಕ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಕೊರಗಿದಿರಲ್ಲ, "ಊರು ನನ್ನನ್ನು ಹರಿದು ಒಗೆಯಿತು" ಅಂತ, ಅದು ಸುಳ್ಳು ಅಪ್ಪಾ. ಪೂರ್ತಿ ಸುಳ್ಳು!

ಹನುಮಂತ ದೇವರ ಕಟ್ಟೆಯ ಮುಂದೆ ಊರು ಕೂಡಿದ್ದ ದಿನ ನೆನಪಿದೆಯೇ? ಪೋಲೀಸ್ ಆಕ್ಷನ್ ಆಗಿ, ನಿಜಾಮನ ಅಮಲು ಮುಗಿದು, ನಮ್ಮೂರಿಗೂ ಪಂಚಾಯಿತಿ ಬಂದಿತ್ತು. ಔರಾದದಿಂದ ಬಂದ ಸಾಹೇಬರು "ಯಾರು ಬೇಕು, ಕೈ ಎತ್ರಿ" ಅಂದರು. ಕುರಿ ಕಾಯುವ ನಿಮ್ಮ ಹೆಸರಿಗೆ ಇಡೀ ಊರು ಕೈ ಎತ್ತಿತು. ನೀವೋ, ಕೊಟ್ಟ ಕುರ್ಚಿ ಬಿಟ್ಟು ಕಟ್ಟೆಯ ತುದಿಗೆ ಕೂತಿರಿ. "ಕುರ್ಚಿ ಏನ್ ಕಚ್ಚತಿತ್ತೇನ್ರಿ?" ಅಂತ ಅವ್ವ ಎಷ್ಟು ದಿನ ಕಾಡಿದಳು! ಆಮೇಲೆ ಬಾವಿ ತೋಡಿಸಿದಿರಿ, ಕನ್ನಡ ಸಾಲಿ ತಂದಿರಿ, ರಸ್ತೆಗಾಗಿ ಬೀದರ್ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದಿರಿ. ಜಿಲ್ಲಾ ಬೋರ್ಡಿಗೆ ನೀವೇ ನಿಲ್ಲಬೇಕೆಂದು ಹಟ ಹಿಡಿದವರೂ ಊರವರೇ.

ಅದಕ್ಕೂ ಹಿಂದಿನ ಒಂದು ದಿನವನ್ನು ನೀವು ಮರೆತಿರಲಿಲ್ಲ. ನಿಜಾಮನ ಕಡೆಯ ರಜಾಕಾರರು ನಮ್ಮ ಕುರಿಗಳನ್ನೆಲ್ಲ ಹೊಡೆದುಕೊಂಡು ಹೋಗಿದ್ದರು. ಪೋಲೀಸ್ ಆಕ್ಷನ್ ಆದಾಗ ಜನ ಮುಸಲ್ಮಾನರ ಮೇಲೆ ಸೇಡಿಗೆ ಬಿದ್ದರು. ನೀವು ಆ ಖಾಲಿ ದೊಡ್ಡಿಯಲ್ಲೇ ಪಿಂಜಾರ ರಸೂಲ್ ಕಾಕಾನ ಮನೆಮಂದಿಯನ್ನು ಅಡಗಿಸಿಟ್ಟಿರಿ. ಕೊಡಲಿ ಹಿಡಿದು ಬಂದವರ ಎದುರು ಬಾಗಿಲಿಗೆ ಕಂಬಳಿ ಹಾಸಿ ಕೂತು, "ಒಳಗ ನನ್ನ ಕುರಿ ಅದಾವ, ಹೋಗ್ರಿ" ಅಂದಿರಿ. ಕುರಿ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬೈದುಕೊಂಡು ಹೋದವರಲ್ಲಿ ನಮ್ಮೂರವರೂ ಇದ್ದರು.

ಭಾಲ್ಕಿಯಲ್ಲಿ ಮತ ಎಣಿಸಿದ ದಿನ ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಹುರಿಯಾಳುಗಳು ನಾಲ್ವರು, ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಒಂದೊಂದು ಚಿತ್ರ; ಬೇಕಾದವರ ಡಬ್ಬಿಗೆ ಚೀಟಿ ಹಾಕಬೇಕಿತ್ತು. ನಿಮ್ಮದು ಕಂದೀಲು. ನಮ್ಮೂರಿನ ಕಂದೀಲಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬಿದ್ದದ್ದು ಬರೀ ಹರಿದ ಚೂರು! "ಇವೆಲ್ಲ ರದ್ದು" ಅಂತ ಸಾಹೇಬರು ಅಂಗೈಯಿಂದ ಬಳಿದು ಬದಿಗೆ ಸರಿಸಿದರು. ಉಳಿದವರ ಡಬ್ಬಿ ತೆರೆಯುವ ತನಕ ನೀವು ನಿಲ್ಲಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಆಡಿದಿರಿ. "ಎಲ್ಲರ ಮುಂದ ಕೈ ಎತ್ತಿದ್ರು, ಯಾರೂ ಕಾಣದಲ್ಲಿ ಹರದು ಒಗದ್ರು. ರಸೂಲನ್ನ ಉಳಿಸಿದ ಸಿಟ್ಟು ಇನ್ನಾ ಹೋಗಿಲ್ಲ ಅವರಿಗೆ." ಆಮೇಲೆ ಬೀದರಿಗೆ ಬಂದು ನನ್ನ ಜೊತೆ ಇದ್ದುಬಿಟ್ಟಿರಿ. ಊರಿನಿಂದ ಮದುವೆಗೆ ಕರೆಯಲು ಬಂದವರಿಗೂ ಮುಖ ಕೊಡಲಿಲ್ಲ.

ನಿನ್ನೆ ಅದೇ ಊರಿನ ಸಾಲಿಯಲ್ಲಿ ನಿಂತಿದ್ದೆ. ಮತ್ತೆ ಬೋರ್ಡಿನ ಚುನಾವಣೆ ಬಂದಿದೆ, ಹೆಣ್ಣುಮಕ್ಕಳಿಗೆ ಮತ ಹಾಕುವುದು ಹೇಗೆಂದು ತೋರಿಸಲು ನನ್ನಂಥ ಶಿಕ್ಷಕಿಯರನ್ನು ಕಳಿಸಿದ್ದಾರೆ. ನಾನು ಒಂದು ಮತದ ಚೀಟಿ ಎತ್ತಿ ಹಿಡಿದಿದ್ದೆ ಅಷ್ಟೇ. ನಮ್ಮ ಮನೆಯ ಹಿಂದಿನ ಮನೆಯ ಮುದುಕಿ ಸಂಗವ್ವ ಆಯಿ ಮುಂದೆ ಬಂದು ಕೇಳಿದಳು, "ಈ ಸಲ ಎಷ್ಟು ತುಂಡು ಮಾಡಬೇಕವಾ? ಹ್ವಾದ ಸಲ ನಾಕು ಮಾಡಿದ್ವಿ."

ನನಗೆ ನಗು ಬಂತು. ಮರುಕ್ಷಣ ಚೀಟಿ ಕೆಳಗಿಟ್ಟು ಕೇಳಿದೆ, "ತುಂಡು ಯಾಕ ಮಾಡಿದ್ರಿ ಆಯಿ?"

"ಮತ್ತ? ನಾಕು ಡಬ್ಬಿ ಸಾಲಾಗಿ ಇಟ್ಟಿದ್ರು. ಪಂಗತ್ಯಾಗ ನಾಕು ಮಂದಿ ಊಟಕ್ಕ ಕುಂತಾಗ ಒಬ್ಬರಿಗಷ್ಟ ನೀಡಿ, ಉಳದವರ ಮುಂದ ಬರಿಗೈಲಿ ದಾಟಿ ಹೋಗ್ತಾರೇನು? ನಾಚಿಕಿ ಬರಂಗಿಲ್ಲ? ಅದಕ್ಕ ನಾಕೂ ಡಬ್ಬಿಗೆ ಒಂದೊಂದು ತುಂಡು ಹಾಕಿದ್ವಿ. ಮೊದಲ ಒಳಗ ಹೋದಾಕಿ ನಾನಾ. ಹೊರಗ ಬಂದು ಸಾಲಿನಾಗ ನಿಂತವರಿಗೆಲ್ಲ ಹೇಳಿಕೊಟ್ಟೆ. ರಸೂಲನ ಹೆಣ್ತಿ ನನ್ನ ಹಿಂದಾ ಇದ್ಳು. ಆಕಿನೂ ಹಂಗಾ ಹರದು ಹಾಕಿದ್ಳು."

ರಸೂಲ್ ಕಾಕಾನ ಹೆಂಡತಿ, ಅಪ್ಪಾ! ಆ ದೊಡ್ಡಿಯಲ್ಲಿ ಕೂಸಿನ ಬಾಯಿ ಒತ್ತಿ ಹಿಡಿದು ಕೂತಿದ್ದವಳು! ಅವಳು ನಿಮ್ಮ ಮೇಲಿನ ಸಿಟ್ಟಿಗೆ ಹರಿದಳೇ? ಸುತ್ತ ಕೂತ ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಒಂದು ಸಲ ಊರಿಗೆ ಹೋಗಿ ಯಾಕೆ ಹರಿದಿರಿ ಅಂತ ಕೇಳಿದ್ದರೆ... ಎಂಥ ಮೊಂಡು ಮನುಷ್ಯ ನೀವು! ಕೊಡಲಿಗೆ ಹೆದರದವರು ಒಂದು ಮಾತು ಕೇಳಲು ಹೆದರಿದಿರಾ? ಸಿಟ್ಟು ಬರುತ್ತಿದೆ ನನಗೆ. ಅಳುವೂ ಬರುತ್ತಿದೆ.

ಚುನಾವಣೆಯ ದಿನ ನಾನೇ ಆ ಸಾಲಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಯಾರಿಗೆ ಬೇಕೋ ಹಾಕಿ, ಆದರೆ ಚೀಟಿ ಹರಿಯಬೇಡಿ ಅಂತ ಒಬ್ಬೊಬ್ಬರಿಗೂ ಹೇಳುತ್ತೇನೆ. ಇದು ನಿಮಗೆ ಕೊಡುವ ಮಾತು.

ಇನ್ನೊಂದು ಹೇಳಬೇಕು. ಬಸ್ಸಿನ ತನಕ ಕಳಿಸಲು ಬಂದ ಸಂಗವ್ವ ಆಯಿ ನನ್ನ ಕೈ ಬಿಡಲೇ ಇಲ್ಲ. "ದೊಡ್ಡ ತುಂಡು ಕಂದೀಲಿಗೇ ಹಾಕಿದ್ವಿ ನಾವು, ಎಲ್ಲಾರೂ. ಆದರೂ ನಿಮ್ಮಪ್ಪ ಮುನಿಸ್ಕೊಂಡು ಹ್ವಾದ್ರು. ಯಾಕವಾ, ತುಂಡು ಸಣ್ಣದಾತೇನು ಅವರಿಗೆ?"

"ಇಲ್ಲ ಆಯಿ, ದೊಡ್ಡದಾ ಇತ್ತು" ಅಂದೆ. "ಅಪ್ಪಗ ಕಾಣಲಿಲ್ಲ."

ನಿಮ್ಮ ಮಗಳು