ಬೂಷ್ಟಿನ ಅಂದಾಜು

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಗುಣಾಕಾರ. ನಮ್ಮ ಈ ಪುಟ್ಟ ದೇಶದಲ್ಲಿ ಟಿಬಿ ವಾಸಿಯಾದವರು ಇಷ್ಟು. ಅವರಲ್ಲಿ ನೂರಕ್ಕೆ ಇಷ್ಟು ಜನರ ಶ್ವಾಸಕೋಶದಲ್ಲಿ ಬೂಷ್ಟು ಬೇರೂರುತ್ತದೆ. ಈ ಶೇಕಡಾ ಪರದೇಶದ್ದು, ಎರವಲು. ನಮ್ಮಲ್ಲಿ ಆ ಪರೀಕ್ಷೆ ಮಾಡುವ ಲ್ಯಾಬೇ ಇಲ್ಲ. ಉತ್ತರ — ನಾನೂರ ಹನ್ನೆರಡು.

ನಮ್ಮ ಆರೋಗ್ಯ ಅಂಕಿಅಂಶ ಕಚೇರಿಯ ಡೈರೆಕ್ಟರ್ ನಕ್ಕರು. "ಏನಮ್ಮಾ, ಹೋದ ಸಲ ಒಂದೂ ಇರ್ಲಿಲ್ಲ, ಈಗ ನಾನೂರಾ? ಆಕಾಶದಿಂದ ಉದುರಿದ್ರಾ?"

ಐದು ವರ್ಷದ ಹಿಂದಿನ ಆ ವರದಿಯೂ ನನ್ನದೇ. ಆಸ್ಪತ್ರೆಗಳು ಬೂಷ್ಟಿನ ಕಾಲಂ ಖಾಲಿ ಬಿಟ್ಟಿದ್ದವು. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುತ್ತಿರಲಿಲ್ಲ. ಮೂವತ್ತೊಂದು ಕಡೆ ಸೊನ್ನೆ ಒತ್ತಿ ಮನೆಗೆ ಹೋದೆ. ರೋಗಿಗಳೇ ಇಲ್ಲವೆಂದು ಬೂಷ್ಟಿನ ಮಾತ್ರೆ ಸರ್ಕಾರಿ ಪಟ್ಟಿ ಸೇರಲಿಲ್ಲ, ಪರೀಕ್ಷೆಯೂ ಬರಲಿಲ್ಲ.

ಮಾರ್ಚ್ ೫

ಅಣ್ಣನ ಮನೆ. ಮತ್ತೆ ಕೆಮ್ಮು. ಬೇಸಿನ್‌ನಲ್ಲಿ ರಕ್ತ. ಟಿಬಿ ವಾಸಿಯಾಗಿ ಎರಡು ವರ್ಷ. ಈಗ ಕಫದಲ್ಲಿ ಟಿಬಿ ಇಲ್ಲವಂತೆ, ಆದರೂ ಡಾಕ್ಟರು ಮತ್ತೆ ಅದೇ ಮಾತ್ರೆ ಬರೆದಿದ್ದಾರೆ. ಎಕ್ಸ್‌ರೇ ಕಿಟಕಿಗೆ ಹಿಡಿದೆ. ಬಲಗಡೆ ಮೇಲೆ ಒಂದು ಗುಳಿ, ಅದರೊಳಗೆ ಉಂಡೆ. ಬೂಷ್ಟು ಹೀಗೇ ಕಾಣುತ್ತದೆ.

"ಯಾಕೇ ಮುಖ ಹಾಗೆ ಮಾಡ್ಕೊಂಡೆ? ನಾನಿನ್ನೂ ಸತ್ತಿಲ್ಲ ಕಣೇ."

"ಬಿಡ್ತು ಅನ್ನೋ! ನಡಿ ಆಸ್ಪತ್ರೆಗೆ, ರಕ್ತ ತೆಗೆಸ್ಬೇಕು."

ನಾಳೆ ಸ್ಯಾಂಪಲ್ ಹೊರದೇಶಕ್ಕೆ. ಮೂರು ವಾರ ಕಾಯಬೇಕು.

ಮಾರ್ಚ್ ೩೦

ಪಾಸಿಟಿವ್. ಬೂಷ್ಟೇ.

ಯಾವ ಅಂಗಡಿಯಲ್ಲೂ ಮಾತ್ರೆ ಇಲ್ಲ. ತರಿಸಲು ಪರವಾನಗಿ ಬೇಕು. ಔಷಧ ಇಲಾಖೆಯ ಗುಮಾಸ್ತ ನನ್ನ ಹಳೆಯ ವರದಿಯನ್ನೇ ತೆಗೆದು ತೋರಿಸಿದ. "ಈ ಕಾಯಿಲೆ ನಮ್ಮಲ್ಲಿ ಇಲ್ಲ ಅಂತ ಇದ್ಯಲ್ಲ ಮೇಡಂ?" ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ನಾನು. ಉಣ್ಣುತ್ತಿರುವವನು ಅಣ್ಣ.

ಏಪ್ರಿಲ್ ೬, ಸೋಮವಾರ

ಅಂತೂ ಪರವಾನಗಿ! ಡೈರೆಕ್ಟರೇ ಎದುರು ನಿಂತು ಸಹಿ ಹಾಕಿಸಿದರು. ಮಾತ್ರೆ ಗುರುವಾರ ಬರುತ್ತದೆ. ಅಣ್ಣನಿಗೆ ಫೋನ್ ಮಾಡಿದೆ.

"ಆ ನಾನೂರರಲ್ಲಿ ನಾನೊಬ್ಬನಾ? ಮಿಕ್ಕವರಿಗೂ ನಿನ್ನಂಥ ತಂಗಿ ಇದ್ದಾಳೇನೇ?"

ನಗುತ್ತಲೇ ಕೆಮ್ಮಿದ. ನನಗೆ ನಗು ಬರಲಿಲ್ಲ.

ಏಪ್ರಿಲ್ ೧೯

ಬರೆಯಲಾಗಲಿಲ್ಲ ಇಷ್ಟು ದಿನ. ಫೋನ್ ಮಾಡಿದ ಎರಡನೇ ದಿನ, ಬುಧವಾರ ಬೆಳಿಗ್ಗೆ, ಹಲ್ಲುಜ್ಜುವಾಗ ಕೆಮ್ಮಿನಲ್ಲಿ ರಕ್ತ ಬಂತು, ನಿಲ್ಲಲೇ ಇಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಅಣ್ಣ ಹೋಗಿದ್ದ.

ಮಾತ್ರೆ ಹೇಳಿದ ದಿನವೇ ಬಂತು, ಮರುದಿನ ಗುರುವಾರ. ಐದು ವರ್ಷ ಮೊದಲೇ ಬರಬೇಕಿತ್ತು ಅದು.

ಏಪ್ರಿಲ್ ೨೧, ಸಂಜೆ ೪

ಅತ್ತಿಗೆ ಬಂದಿದ್ದಾರೆ. ಅಳುತ್ತಿಲ್ಲ. ನನಗೆ ಅದೇ ಭಯ.

"ಇಲ್ಲಿ ಈ ಕಾಯಿಲೆನೇ ಇಲ್ಲ ಅಂತ ಬರೆದ ಪುಣ್ಯಾತ್ಮ ಯಾರು? ನೀನು ಅದೇ ಆಫೀಸಲ್ಲಿ ಇದ್ದೀಯಲ್ಲ, ಹೆಸರು ಹೇಳು. ಒಂದೇ ಒಂದು ಮಾತು ಕೇಳ್ಬೇಕು ಅವನ್ನ."

ಅವನನ್ನಂತೆ… ಕಾಫಿ ತರುತ್ತೇನೆಂದು ಒಳಗೆ ಬಂದೆ. ಒಲೆ ಹಚ್ಚಿಲ್ಲ. ಇದನ್ನು ಗೀಚುತ್ತ ನಿಂತಿದ್ದೇನೆ, ಹೇಡಿ. ಕರೆಯುತ್ತಿದ್ದಾರೆ. ಈಗ ಹೋಗಿ ಹೇಳುತ್ತೇನೆ — ಅತ್ತಿಗೆ, ಅದನ್ನು ಬರೆದವಳು