ಎಮ್ಮೆಯ ಹಾಲು ಹಳದಿ ಕಂಡ ಹನ್ನೊಂದು ದಿನ

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ನನ್ನ ಹೆಂಡತಿ ಅಕ್ಕವ್ವನ ಹೃದಯ ಸೋತು ಎರಡು ವರ್ಷವಾಯಿತು. ಅವಳು ನುಂಗುವ ಗುಳಿಗೆ ಅವಳನ್ನು ಬದುಕಿಸಿದೆ. ಅದೇ ಗುಳಿಗೆ ಅವಳನ್ನು ಕೊಲ್ಲಲೂ ಹೊರಟಿತ್ತು. ಈ ಎರಡನೆಯ ಸಂಗತಿ ನಿಮಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಅದಕ್ಕೇ ಈ ಪತ್ರ.

ನಾನು ಮರಾಠಿ ಗಡಿಗೆ ಅಂಟಿದ ಮಂಗಸೂಳಿಯ ಕಡೆಯ ಒಂದು ಡೇರಿಯಲ್ಲಿ ಹಾಲು ಪರೀಕ್ಷಿಸುವವನು. ಒಂದು ಲೋಟ ನೀರು ಬೆರೆಸಿದರೂ ಹಿಡಿಯುತ್ತೇನೆಂಬ ಜಂಬ ನನಗಿತ್ತು. ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ಅಕ್ಕವ್ವ ಹಾಲಿನ ಚರಿಗೆಯನ್ನು ನನ್ನ ಮುಂದೆ ಹಿಡಿದು, "ಏನ್ರಿ, ನಮ್ಮ ಎಮ್ಮಿ ಹಾಲು ಆಕಳ ಹಾಲಿನಂಗ ಹಳದಿ ಕಾಣಾಕತ್ತೈತಿ" ಎಂದಳು. ನಾನೇನು ಮಾಡಿದೆ ಗೊತ್ತೇ? ಹಾಲನ್ನು ಡೇರಿಗೆ ಒಯ್ದು ಪರೀಕ್ಷಿಸಿದೆ. ಅಚ್ಚ ಬಿಳಿ, ಫ್ಯಾಟೂ ಸರಿಯಾಗಿತ್ತು. ಸಮಾಧಾನದಿಂದ ಮನೆಗೆ ಬಂದೆ.

ಮರುದಿನ ಅವಳ ಕಣ್ಣಿಗೆ ಗೋಡೆ ಹಳದಿ, ಆಮೇಲೆ ಅನ್ನ ಹಳದಿ, ದೀಪದ ಸುತ್ತ ಹಳದಿ ಬಳೆ. ಮಲ್ಲಯ್ಯ ದೇವರ ಭಂಡಾರವೆಂದು ಅರಿಶಿನದ ಪುಡಿಯನ್ನು ಹಣೆಗಿಟ್ಟುಕೊಂಡು ಬೆಳೆದ ಊರಿಗೆ ಇಷ್ಟು ಸಾಲದೇ? ದೇವರೇ ಮನೆಗೆ ಬಂದಿದ್ದಾನೆಂದು ನನ್ನ ಅಕ್ಕ ಸುಂದರಾ ಓಣಿಗೆಲ್ಲ ಸಾರಿದಳು. ಅಕ್ಕವ್ವನಿಗೆ ಊಟ ಸೇರದಾಯಿತು, ಅದು ಉಪವಾಸವೆನಿಸಿಕೊಂಡಿತು. ಹೆಂಗಸರು ಬಂದು ಅವಳ ಕಾಲು ಮುಟ್ಟಿದರು. ನಾಚಿಕೆ ಬಿಟ್ಟು ಬರೆಯುತ್ತೇನೆ, ನಾನೂ ಮುಟ್ಟಿದೆ.

ಹನ್ನೊಂದನೆಯ ದಿನ ಅವಳು ಒಲೆಯ ಮುಂದೆ ಕುಸಿದಳು. ಆಸ್ಪತ್ರೆಯಲ್ಲಿ ನಾಡಿ ನೋಡಿದರೆ ನಿಮಿಷಕ್ಕೆ ಮೂವತ್ತೆಂಟು. ಗುಳಿಗೆಯ ಹೆಸರು ಓದಿದ ವೈದ್ಯರು, ನಾನು ಬಾಯಿ ತೆರೆಯುವ ಮೊದಲೇ, "ಇವರಿಗೆ ಎಲ್ಲಾ ಹಳದಿ ಕಾಣತಿತ್ತೇನು?" ಎಂದು ಕೇಳಿದರು. ಹನ್ನೊಂದು ದಿನದಿಂದ ಎಂದೆ. ಮೂತ್ರಪಿಂಡ ಸೋತು, ಮದ್ದು ಮೈಯಲ್ಲೇ ಉಳಿದು ವಿಷವಾಗಿತ್ತಂತೆ. ಹಳದಿ ಕಾಣುವುದು, ಊಟ ಸೇರದಿರುವುದು ಅದರ ಗುರುತುಗಳಂತೆ. ಎಲ್ಲವೂ ಪುಸ್ತಕದಲ್ಲೇ ಇದೆಯಂತೆ. ಯಾರ ಪುಸ್ತಕದಲ್ಲಿ, ಸ್ವಾಮಿ? ನಮಗೆ ಸಿಕ್ಕಿದ್ದು ಕತ್ತರಿಯಿಂದ ಕತ್ತರಿಸಿ ಕೊಟ್ಟ ಹತ್ತು ಗುಳಿಗೆ. ಡಬ್ಬಿಯೊಳಗಿನ ಚೀಟಿ ಅಂಗಡಿಯಲ್ಲೇ ಉಳಿದಿತ್ತು. ಆಮೇಲೆ ಅದನ್ನು ಕೇಳಿ ತಂದು ನೋಡಿದರೆ ಇರುವೆ ಸಾಲಿನಂಥ ಇಂಗ್ಲಿಷ್. ಎಚ್ಚರಿಕೆ ಕೊಟ್ಟಿದ್ದೇವೆ ಎಂದು ನೀವು ದಾಖಲೆ ತೋರಿಸಲು ಅಷ್ಟು ಸಾಕೇನೋ.

ಕೆಲವು ದಿನ ನಿಲ್ಲಿಸಿ, ಈಗ ಅದೇ ಗುಳಿಗೆಯನ್ನು ಅರ್ಧ ಮಾಡಿ ಕೊಟ್ಟಿದ್ದಾರೆ. ಅದಿಲ್ಲದೆ ಅವಳ ಹೃದಯ ನಡೆಯುವುದಿಲ್ಲವಂತೆ. ದಿನಾ ಮುಂಜಾನೆ ಗಡಿಯಾರ ನೋಡುತ್ತ ಅವಳ ನಾಡಿ ಎಣಿಸುತ್ತೇನೆ. ಹಾಲು ತೋರಿಸಿ ಬಣ್ಣ ಕೇಳುತ್ತೇನೆ. ಬೆಳ್ಳಗೈತಿ ಎನ್ನುತ್ತಾಳೆ. ಮೊನ್ನೆ ಮಾತ್ರ ಇನ್ನೊಂದು ಮಾತು ಸೇರಿಸಿದಳು: "ಆ ಹನ್ನೊಂದು ದಿನ ನನಗ ಸಾಯೋ ಅಂಜಿಕಿನ ಇರಲಿಲ್ರಿ. ಮಲ್ಲಯ್ಯ ಮತ್ತ ಬಂದ್ರ ನಾ ನಿಮಗ ಹೇಳಾಂಗಿಲ್ಲ."

ಅಂದಿನಿಂದ ಅವಳ ಉತ್ತರವನ್ನು ನಂಬುವುದೋ ಬಿಡುವುದೋ ತಿಳಿಯುತ್ತಿಲ್ಲ. ಗುಳಿಗೆ ಮುರಿದು ಕೊಡುವ ಮೊದಲು ನಾಡಿಯನ್ನು ಇನ್ನೊಮ್ಮೆ ಎಣಿಸುತ್ತೇನೆ.

ನಾನು ಕೇಳುವುದು ಇಷ್ಟೇ. ಎರಡೇ ಗುಳಿಗೆ ಕೊಟ್ಟರೂ ಅದರ ಅಪಾಯದ ಗುರುತುಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಜೊತೆಗಿರಬೇಕು, ಅಂಗಡಿಯವರು ಅದನ್ನು ಬಾಯಿಬಿಟ್ಟು ಓದಿ ಹೇಳಬೇಕು ಎಂದು ಆದೇಶ ಹೊರಡಿಸಿ. ಆ ಚೀಟಿ ದೇವರಿಗಿಂತ ಮೊದಲು ನಮ್ಮ ಮನೆಗೆ ಬಂದಿದ್ದರೆ, ಅಕ್ಕವ್ವ ಹಳದಿಯನ್ನು ಕಂಡು ಹೆದರುತ್ತಿದ್ದಳು. ಈಗ ಆ ಹೆದರಿಕೆಯೆಲ್ಲ ನನ್ನೊಬ್ಬನ ಪಾಲಿಗೆ ಬಂದಿದೆ.

ಇಂತಿ,
ಹಾಲನ್ನು ಪರೀಕ್ಷಿಸಿ ಹೆಂಡತಿಯನ್ನು ನೋಡದೆ ಹೋದ
ಮಲಕಾರಿ